ಬೀಗ ಬೀಳುವ ಮುನ್ನ ಕೇಳಬೇಕಾದ ಮಾತು

ಸ್ಥಾವರವನ್ನು ಕುರಿತು ನಾನು ಎಷ್ಟು ಭಾಷಣ ಮಾಡಿದ್ದೇನೋ ಲೆಕ್ಕವಿಟ್ಟಿಲ್ಲ. ಮೂವತ್ತು ವರ್ಷ ಮಾಸ್ತರಿಕೆ ಮಾಡಿ ನಿವೃತ್ತನಾದವನು. ಶ್ರಾವಣದ ಪ್ರವಚನ, ಬಸವ ಜಯಂತಿ, ಶರಣ ಸಂಗಮ ಎಂದು ಯಾರೇ ಕರೆದರೂ ಹೋಗುತ್ತೇನೆ. ಹೋದಲ್ಲೆಲ್ಲ ಹೇಳುವುದು ಒಂದೇ ಮಾತು: ಕಲ್ಲು ಮಣ್ಣಿನ ಗುಡಿಗೆ ಅಂಟಿಕೊಳ್ಳಬೇಡಿ, ದೇವರು ಗೋಪುರದ ಕೆಳಗಿಲ್ಲ, ನಿಮ್ಮ ಕರಸ್ಥಲದಲ್ಲಿದ್ದಾನೆ. ಕಟ್ಟಿದ್ದು ಬಿದ್ದೇ ಬೀಳುತ್ತದೆ, ಅದಕ್ಕಾಗಿ ಅಳಬೇಡಿ. ಈ ಮಾತಿನಲ್ಲಿ ನನಗೆ ಇಂದಿಗೂ ಸಂಶಯವಿಲ್ಲ. ಆದರೆ ಅದನ್ನು ಯಾರು ಯಾರಿಗೆ, ಯಾವ ಹೊತ್ತಿನಲ್ಲಿ ಹೇಳುತ್ತಾರೆ ಎಂಬುದೂ ಮುಖ್ಯ ಎಂದು ತಿಳಿದದ್ದು 2024ರಲ್ಲಿ, ಅಮೆರಿಕದ ಬಾಲ್ಟಿಮೋರ್ ನಗರದ ಒಂದು ಚರ್ಚಿನ ಮೆಟ್ಟಿಲ ಮೇಲೆ ಕುಳಿತಾಗ.

ಮಗಳು ಅಳಿಯ ಅಲ್ಲಿದ್ದಾರೆ. ಮೊಮ್ಮಗಳನ್ನು ನೋಡಿಕೊಳ್ಳಲು ನಾನೂ ನನ್ನ ಮನೆಯವರೂ ನಾಲ್ಕು ತಿಂಗಳು ಹೋಗಿದ್ದೆವು. ಮುಂಜಾನೆ ಅಡ್ಡಾಡಲು ಹೋಗುವ ದಾರಿಯಲ್ಲಿ ಕಪ್ಪುಗಟ್ಟಿದ ಕಲ್ಲಿನ ಎತ್ತರದ ಚರ್ಚೊಂದಿತ್ತು. ಅಕ್ಕಪಕ್ಕದ ಮನೆಗಳಲ್ಲಿ ಅರ್ಧಕ್ಕೆ ಹಲಗೆ ಹೊಡೆದಿದ್ದರು. ಬುಧವಾರ ಮಾತ್ರ ಚರ್ಚಿನ ಪಕ್ಕದ ಬಾಗಿಲಲ್ಲಿ ಜನ ಸಾಲುಗಟ್ಟಿರುತ್ತಿದ್ದರು. ಮಗಳನ್ನು ಕೇಳಿದೆ. “ಅಪ್ಪಾ, ಅಲ್ಲಿ ಬಡವರಿಗೆ ರೇಷನ್ ಕೊಡ್ತಾರ. ಆದ್ರ ಆ ಚರ್ಚ್ ಮುಚ್ಚೂದದ ಅಂತ ಪೇಪರಿನ್ಯಾಗ ಬಂದದ” ಎಂದಳು.

ಮುಂದಿನ ಬುಧವಾರ ಅಲ್ಲಿಯೇ ನಿಂತು ನೋಡಿದೆ. ಎಂಬತ್ತರ ಆಸುಪಾಸಿನ ಕಪ್ಪು ಜನಾಂಗದ ಅಜ್ಜಿಯೊಬ್ಬರು ಸಾಲು ಮುಗಿದ ಮೇಲೆ ಮೆಟ್ಟಿಲು ಗುಡಿಸುತ್ತಿದ್ದರು. ನನ್ನ ಹರಕು ಇಂಗ್ಲಿಷಿನಲ್ಲಿ ಮಾತಿಗೆ ಎಳೆದೆ. “ಕುಳಿತುಕೋ ಬ್ರದರ್” ಎಂದರು. ಅವರ ದೀಕ್ಷಾಸ್ನಾನವಾದದ್ದು ಆ ಚರ್ಚಿನಲ್ಲಿ, ಮದುವೆಯೂ ಅಲ್ಲಿಯೇ. “ನನ್ನ ಗಂಡನನ್ನು ಇಲ್ಲಿಂದಲೇ ಮಣ್ಣಿಗೆ ಕಳಿಸಿಕೊಟ್ಟೆ. ಈಗ ನನ್ನನ್ನು ಎಲ್ಲಿಂದ ಕಳಿಸುತ್ತಾರೆ?” ಎಂದು ಕೇಳಿದರು. ಸ್ಥಾವರದ ಬಗ್ಗೆ ಮೂವತ್ತು ವರ್ಷ ಮಾತಾಡಿದ ನನ್ನಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಒಂದು ನಗರದ ಲೆಕ್ಕ

ಶರಣಬಂಧುಗಳೇ, ಬಾಲ್ಟಿಮೋರ್ ಸಾಮಾನ್ಯ ಊರಲ್ಲ. ಅಮೆರಿಕದ ಕ್ಯಾಥೊಲಿಕರ ಮೊಟ್ಟಮೊದಲ ಧರ್ಮಪ್ರಾಂತ್ಯ ಸ್ಥಾಪನೆಯಾದದ್ದು 1789ರಲ್ಲಿ, ಇದೇ ನಗರದಲ್ಲಿ. ಅದರ ಮೊದಲ ಧರ್ಮಾಧ್ಯಕ್ಷರು ಜಾನ್ ಕ್ಯಾರಲ್. ಕಪ್ಪು ಜನಾಂಗದ ಹೆಣ್ಣುಮಕ್ಕಳು ಸನ್ಯಾಸಿನಿಯರಾಗಿ ತಮ್ಮದೇ ಸಂಘವನ್ನು ಕಟ್ಟಿದ್ದು, ಗುಲಾಮಗಿರಿ ಇನ್ನೂ ಕಾನೂನುಬದ್ಧವಾಗಿದ್ದ 1829ರಲ್ಲಿ, ಅದೂ ಇಲ್ಲಿಯೇ. ಮದರ್ ಮೇರಿ ಲ್ಯಾಂಗ್ ಕಟ್ಟಿದ ಆ ಸಂಘ ಇಂದಿಗೂ ಇದೆ.

ಈ ನಗರದಲ್ಲಿ 1950ರ ಜನಗಣತಿಯಂತೆ 9,49,708 ಜನರಿದ್ದರು. 2020ರಲ್ಲಿ ಉಳಿದವರು 5,85,708. ಎಪ್ಪತ್ತು ವರ್ಷಗಳಲ್ಲಿ 3 ಲಕ್ಷ 64 ಸಾವಿರ ಜನ ಇಲ್ಲವಾದರು. ಜನ ಕಡಿಮೆಯಾದರೂ ಚರ್ಚುಗಳು ಹಾಗೆಯೇ ನಿಂತಿದ್ದವು. 2022ರಲ್ಲಿ ಅಲ್ಲಿಯ ಮಹಾಧರ್ಮಪ್ರಾಂತ್ಯ ಒಂದು ದೊಡ್ಡ ಪರಿಶೀಲನೆಗೆ ಕೈಹಾಕಿತು. 2024ರ ಮೇ 22ರಂದು ಮಹಾಧರ್ಮಾಧ್ಯಕ್ಷ ವಿಲಿಯಂ ಲೋರಿ ಅಂತಿಮ ತೀರ್ಮಾನ ಪ್ರಕಟಿಸಿದರು. ನಗರ ಮತ್ತು ಅದರ ಅಂಚಿನ 61 ಪ್ಯಾರಿಷ್‌ಗಳು ಸೇರಿ 23 ಆಗಬೇಕು, ಪೂಜೆ ನಡೆಯುವ ಸ್ಥಳಗಳು 30 ಉಳಿಯಬೇಕು.

ಪ್ಯಾರಿಷ್ ಎಂದರೆ ಬರೀ ಕಟ್ಟಡವಲ್ಲ. ನಮ್ಮ ಕನ್ನಡ ಕ್ಯಾಥೊಲಿಕರು ಅದನ್ನು ಧರ್ಮಕೇಂದ್ರ ಎನ್ನುತ್ತಾರೆ. ಒಬ್ಬ ಗುರು, ಒಂದು ಓಣಿಯ ಅಥವಾ ಒಂದು ಭಾಷೆಯ ಭಕ್ತಸಮೂಹ, ಅವರ ಶಾಲೆ, ಜನನ ಮರಣದ ದಾಖಲೆ, ಬಡವರ ಪಾಲಿನ ಅನ್ನ, ಇವೆಲ್ಲ ಸೇರಿದ್ದು ಧರ್ಮಕೇಂದ್ರ. ಎರಡು ಧರ್ಮಕೇಂದ್ರಗಳನ್ನು ವಿಲೀನ ಮಾಡುವುದೆಂದರೆ ಎರಡು ಬಳಗಗಳನ್ನು ಒಂದೇ ಪಂಕ್ತಿಯಲ್ಲಿ ಕೂಡಿಸುವ ಕೆಲಸ. ಆದೇಶ ಹೊರಡಿಸಿದ ಮಾತ್ರಕ್ಕೆ ಅದು ಆಗುವುದಿಲ್ಲ.

ಬಾಲ್ಟಿಮೋರ್ ಒಂದರ ಕಥೆಯೂ ಇದಲ್ಲ. ಕಾರಿನ ಕಾರ್ಖಾನೆಗಳ ಡೆಟ್ರಾಯ್ಟ್ ನಗರದಲ್ಲಿ 1950ರಲ್ಲಿ 18,49,568 ಜನರಿದ್ದರೆ 2020ರಲ್ಲಿ ಇದ್ದವರು 6,39,111. ಅಲ್ಲಿ 1989ರಲ್ಲಿಯೇ ಸುಮಾರು ಮೂವತ್ತು ಚರ್ಚುಗಳಿಗೆ ಬೀಗ ಬಿತ್ತು. ಕ್ಲೀವ್‌ಲ್ಯಾಂಡ್ 9,14,808ರಿಂದ 3,72,624ಕ್ಕೆ ಇಳಿಯಿತು. ಅಲ್ಲಿಯ ಧರ್ಮಪ್ರಾಂತ್ಯ 2009-10ರಲ್ಲಿ ಐವತ್ತು ಧರ್ಮಕೇಂದ್ರಗಳನ್ನು ಕಡಿಮೆ ಮಾಡಿತು. ಬೋಸ್ಟನ್, ಪಿಟ್ಸ್‌ಬರ್ಗ್, ಶಿಕಾಗೊ, ಸೇಂಟ್ ಲೂಯಿಸ್, ಎಲ್ಲ ಕಡೆಯೂ ಇದೇ ಸುದ್ದಿ.

ಜನ ತಾವಾಗಿ ಹೋದರೇ?

ನಮ್ಮಲ್ಲಿ ಕೆಲವರು ಇದನ್ನು ಕೇಳಿದ ಕೂಡಲೇ ಖುಷಿಪಡುತ್ತಾರೆ. ‘ನೋಡ್ರಿ, ಅವರ ಧರ್ಮ ಅವರ ದೇಶದಾಗ ಮುಗೀತು’ ಎಂದು ವಾಟ್ಸಾಪಿನಲ್ಲಿ ಕಳಿಸುತ್ತಾರೆ. ಇದು ಶರಣರ ಮಕ್ಕಳು ಆಡುವ ಮಾತಲ್ಲ. ಇನ್ನೊಬ್ಬರ ಮನೆಯ ದೀಪ ಆರಿದರೆ ನಮ್ಮ ಮನೆಯ ಬೆಳಕು ಹೆಚ್ಚಾಗುವುದಿಲ್ಲ. ಆ ಮಾತು ನಿಜವೂ ಅಲ್ಲ. ಚರ್ಚು ಬಿಟ್ಟವರು ಅಲ್ಲಿ ಇದ್ದಾರೆ, ನಿಜ. ಆದರೆ ಈ ನಗರಗಳ ಚರ್ಚುಗಳು ಖಾಲಿಯಾದದ್ದಕ್ಕೆ ನಂಬಿಕೆಯ ಕೊರತೆಯೊಂದೇ ಕಾರಣವಲ್ಲ.

ಮೊದಲು ಅವು ತುಂಬಿದ್ದು ಹೇಗೆ ಎಂಬುದನ್ನು ನೋಡಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಐರ್ಲೆಂಡಿನವರು, ಜರ್ಮನರು, ಆಮೇಲೆ ಪೋಲೆಂಡಿನವರು, ಇಟಲಿಯವರು, ಲಿಥುವೇನಿಯದವರು ಹಡಗಿನಲ್ಲಿ ಬಂದಿಳಿದರು. ಹಡಗುಕಟ್ಟೆಯಲ್ಲಿ, ಕಾರ್ಖಾನೆಯಲ್ಲಿ ದುಡಿದರು. ಹೊಸ ದೇಶದಲ್ಲಿ ತಮ್ಮ ನುಡಿಯಲ್ಲಿ ಪ್ರಾರ್ಥಿಸಲು, ಪಾಪನಿವೇದನೆ ಮಾಡಲು ಒಂದು ಜಾಗ ಬೇಕಿತ್ತು. ಒಬ್ಬರ ಚರ್ಚಿಗೆ ಇನ್ನೊಬ್ಬರು ಹೋಗುತ್ತಿರಲಿಲ್ಲ. ಹೀಗೆ ನಾಲ್ಕು ಓಣಿಗೆ ಒಂದರಂತೆ ಚರ್ಚುಗಳು ಎದ್ದವು. ಕೂಲಿಯವರು ವಾರದ ಸಂಬಳದಲ್ಲಿ ಚಿಲ್ಲರೆ ಎತ್ತಿಟ್ಟು ಕಟ್ಟಿಸಿದ ಗೋಪುರಗಳು ಅವು. ರಾಜಮಹಾರಾಜರು ಉಂಬಳಿ ಕೊಟ್ಟು ಕಟ್ಟಿಸಿದ ಗುಡಿಗಳಂಥವಲ್ಲ. ಕಾಯಕದ ದುಡ್ಡಿನಿಂದ ಎದ್ದ ಕಟ್ಟಡಗಳು.

ಅವು ಬರಿದಾದ ಕಥೆಯಲ್ಲಿ ಅನ್ಯಾಯವಿದೆ. 1910ರಲ್ಲಿ ಬಾಲ್ಟಿಮೋರ್ ನಗರಸಭೆ ಒಂದು ಕಾನೂನು ಮಾಡಿತು. ಬಿಳಿಯರು ಹೆಚ್ಚಿರುವ ಓಣಿಗೆ ಕರಿಯರು, ಕರಿಯರು ಹೆಚ್ಚಿರುವ ಓಣಿಗೆ ಬಿಳಿಯರು ಮನೆ ಮಾಡಿಕೊಂಡು ಬರಕೂಡದು ಎಂದು. ಅಮೆರಿಕದ ನಗರಗಳಲ್ಲಿ ಅಂಥ ಕಾನೂನು ಅದೇ ಮೊದಲು. 1917ರಲ್ಲಿ ಬೇರೊಂದು ನಗರದ ಮೊಕದ್ದಮೆಯಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಇಂಥ ಕಾನೂನುಗಳನ್ನು ರದ್ದು ಮಾಡಿತು. ಆದರೆ ಕಾನೂನು ಹೋದರೂ ಗೆರೆ ಅಳಿಯಲಿಲ್ಲ. ಯಾವ ಓಣಿಗೆ ಮನೆಸಾಲ ಕೊಡಬೇಕು, ಯಾವುದಕ್ಕೆ ಕೊಡಬಾರದು ಎಂಬ ನಕ್ಷೆಗಳು ಬಂದವು. ಎರಡನೆಯ ಮಹಾಯುದ್ಧದ ನಂತರ ಹೆದ್ದಾರಿ ಬಂತು, ಅಗ್ಗದ ಸಾಲ ಬಂತು. ಬಿಳಿಯರು ಊರ ಹೊರಗಿನ ಹೊಸ ಬಡಾವಣೆಗಳಿಗೆ ಹೋದರು. ಹೊಲಗೇರಿ ಊರ ಹೊರಗಿರುವುದನ್ನು ನೋಡಿದ ನಮಗೆ ಇದು ತಿರುಗುಮುರುಗಾಗಿ ಕಾಣಬಹುದು. ಅಲ್ಲಿ ಉಳ್ಳವರು ಹೊರಗೆ ಹೋದರು, ಇಲ್ಲದವರು ಒಳಗೆ ಉಳಿದರು. ಗೆರೆ ಎಳೆದ ಕೈ ಮಾತ್ರ ಎರಡೂ ಕಡೆ ಒಂದೇ.

ಆಮೇಲೆ ದುಡಿಮೆಯೂ ಹೋಯಿತು. ನಗರದ ಅಂಚಿನ ಸ್ಪ್ಯಾರೋಸ್ ಪಾಯಿಂಟ್ ಉಕ್ಕಿನ ಕಾರ್ಖಾನೆಯಲ್ಲಿ ಒಂದು ಕಾಲಕ್ಕೆ ಮೂವತ್ತು ಸಾವಿರದಷ್ಟು ಜನ ಕೆಲಸ ಮಾಡುತ್ತಿದ್ದರು. 2012ರಲ್ಲಿ ಅದು ಪೂರ್ತಿ ನಿಂತಿತು.

ಬಿಳಿಯರು ಬಿಟ್ಟುಹೋದ ಎಷ್ಟೋ ಚರ್ಚುಗಳನ್ನು ಕಾಪಾಡಿದವರು ಯಾರು? ಒಂದು ಕಾಲಕ್ಕೆ ಹಿಂದಿನ ಬೆಂಚಿನಲ್ಲಿ, ಮೇಲಿನ ಅಟ್ಟದಲ್ಲಿ ಬೇರೆಯಾಗಿ ಕೂರಿಸಲ್ಪಟ್ಟ ಕರಿಯ ಕ್ಯಾಥೊಲಿಕರು. ಅಜ್ಜಿ ಹೇಳಿದ್ದು ಇದನ್ನೇ. “ಅವರು ಹೋದಾಗ ಮಾಡು ಸೋರುತ್ತಿತ್ತು. ನಾವು ಕೋಳಿ ಕರಿದು ಮಾರಿ, ಆ ದುಡ್ಡಲ್ಲಿ ಮಾಡು ಹೊದಿಸಿದೆವು. ಈಗ ನಾವು ಸಾಕಷ್ಟು ಜನರಿಲ್ಲ ಎನ್ನುತ್ತಾರೆ.”

ಮುಚ್ಚುವವರ ಮಾತಿನಲ್ಲಿಯೂ ಸತ್ಯವಿದೆ

ಒಂದು ಕಡೆಯ ಮಾತನ್ನಷ್ಟೇ ಹೇಳಿದರೆ ಅದು ನ್ಯಾಯವಲ್ಲ. ಧರ್ಮಪ್ರಾಂತ್ಯದವರ ಕಷ್ಟವೂ ನಿಜವಾದದ್ದು.

ಸಾವಿರ ಜನ ಕೂರುವ ಚರ್ಚಿನಲ್ಲಿ ಭಾನುವಾರ ಐವತ್ತು ಜನ ಕೂತರೆ ಏನಾಗುತ್ತದೆ? ಚಳಿಗಾಲದಲ್ಲಿ ಅಷ್ಟು ದೊಡ್ಡ ಕಟ್ಟಡವನ್ನು ಬೆಚ್ಚಗಿಡಲೇಬೇಕು, ಇಲ್ಲವಾದರೆ ನೀರಿನ ಕೊಳವೆ ಒಡೆಯುತ್ತದೆ. ನೂರು ವರ್ಷದ ಮಾಡು, ಗಂಟೆಗೋಪುರ, ಬಣ್ಣದ ಗಾಜು, ಯಾವುದನ್ನು ಮುಟ್ಟಿದರೂ ಲಕ್ಷಗಟ್ಟಲೆ ಡಾಲರ್ ಖರ್ಚು. ಕಾಣಿಕೆಯ ದುಡ್ಡೆಲ್ಲ ಬಾಯ್ಲರಿಗೆ ಹೋದರೆ ಬಡವರ ಅನ್ನಕ್ಕೆ, ಮಕ್ಕಳ ಪಾಠಕ್ಕೆ ಏನು ಉಳಿಯುತ್ತದೆ?

ಗುರುಗಳೂ ಇಲ್ಲ. 1970ರಲ್ಲಿ ಅಮೆರಿಕದಲ್ಲಿ 59 ಸಾವಿರದಷ್ಟು ಕ್ಯಾಥೊಲಿಕ್ ಗುರುಗಳಿದ್ದರು. 2020ರ ಹೊತ್ತಿಗೆ ಉಳಿದವರು ಸುಮಾರು 35 ಸಾವಿರ, ಅವರಲ್ಲಿಯೂ ವಯಸ್ಸಾದವರೇ ಹೆಚ್ಚು. ಒಬ್ಬ ಗುರು ಭಾನುವಾರ ಮೂರು ಚರ್ಚಿಗೆ ಕಾರು ಓಡಿಸುತ್ತಾನೆ. ಪೂಜೆ ಮುಗಿಸಿ ಭಕ್ತರೊಂದಿಗೆ ಎರಡು ಮಾತಾಡಲೂ ಅವನಿಗೆ ಬಿಡುವಿಲ್ಲ. ಭಾರತದಿಂದ, ಆಫ್ರಿಕದಿಂದ ಹೋದ ಗುರುಗಳು ಎಷ್ಟೋ ಕಡೆ ಈ ಕೊರತೆ ತುಂಬುತ್ತಿದ್ದಾರೆ.

ಹಾಗಾಗಿ ಯಾವುದನ್ನೂ ಮುಚ್ಚಬಾರದು ಎಂದು ಹಠ ಹಿಡಿಯುವುದು ಕೂಡ ಸ್ಥಾವರಪೂಜೆಯೇ. ಐದು ಅರೆಜೀವದ ಕೇಂದ್ರಗಳಿಗಿಂತ ಎರಡು ಜೀವಂತ ಕೇಂದ್ರಗಳು ಲೇಸು. ಹಾಡಲು ನಾಲ್ಕು ದನಿ, ಮಕ್ಕಳಿಗೆ ಜೊತೆಗಾರರು, ಕಾಯಿಲೆ ಬಿದ್ದವರನ್ನು ನೋಡಲು ಹತ್ತು ಕೈ ಇದ್ದರೆ ತಾನೇ ಅದು ಸಮುದಾಯ? ವಿಲೀನವನ್ನು ನಾನು ಒಪ್ಪುತ್ತೇನೆ. ನನ್ನ ತಕರಾರು ಇರುವುದು ತೀರ್ಮಾನ ಮಾಡುವವರು ಯಾರು, ಎಣಿಕೆ ಯಾವುದು, ಹೊರೆ ಬೀಳುವುದು ಯಾರ ಹೆಗಲಿಗೆ ಎಂಬಲ್ಲಿ.

ತೀರ್ಮಾನ ಯಾರದು?

ಕ್ಯಾಥೊಲಿಕರ ಧರ್ಮಶಾಸನದಂತೆ ಧರ್ಮಕೇಂದ್ರವನ್ನು ಸ್ಥಾಪಿಸುವ, ಮುಚ್ಚುವ, ಬದಲಿಸುವ ಅಧಿಕಾರ ಧರ್ಮಾಧ್ಯಕ್ಷರೊಬ್ಬರದು. ಅದಕ್ಕೆ ಮೊದಲು ಗುರುಗಳ ಮಂಡಳಿಯ ಮಾತು ಕೇಳಬೇಕು. ಆದರೆ ಕಾಣಿಕೆ ಹಾಕಿ, ಮೆಟ್ಟಿಲು ಗುಡಿಸಿ, ಕಟ್ಟಡವನ್ನು ಉಳಿಸಿಕೊಂಡ ಭಕ್ತರ ಒಪ್ಪಿಗೆ ಬೇಕೆಂದು ಎಲ್ಲಿಯೂ ಬರೆದಿಲ್ಲ. ಅವರಿಗೆ ಉಳಿದಿರುವುದು ಮೇಲ್ಮನವಿಯ ಹಾದಿ. ಆದೇಶ ಬಂದ ಹತ್ತು ದಿನದೊಳಗೆ ಮೊದಲು ಅದೇ ಧರ್ಮಾಧ್ಯಕ್ಷರಿಗೆ ಮರುಪರಿಶೀಲನೆಯ ಮನವಿ ಕೊಡಬೇಕು. ಆಮೇಲೆ ರೋಮಿಗೆ ಹೋಗಬೇಕು. ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ಬದುಕಿದವರಿಗೆ ಹತ್ತು ದಿನದಲ್ಲಿ ಧರ್ಮಶಾಸನ ಬಲ್ಲ ವಕೀಲರು ಎಲ್ಲಿ ಸಿಗಬೇಕು?

ಆದರೂ ಜನ ಸುಮ್ಮನೆ ಕೂರಲಿಲ್ಲ. ಕ್ಲೀವ್‌ಲ್ಯಾಂಡಿನ ಸೇಂಟ್ ಕ್ಯಾಸಿಮಿರ್ ಪೋಲಿಷ್ ಮೂಲದವರ ಚರ್ಚು. 2009ರಲ್ಲಿ ಅದಕ್ಕೆ ಬೀಗ ಬಿತ್ತು. ಮುಂದಿನ ಭಾನುವಾರ ಜನ ಬಂದು ಬೀಗ ಹಾಕಿದ ಬಾಗಿಲ ಹೊರಗೆ, ರಸ್ತೆಬದಿಯಲ್ಲಿ ನಿಂತು ಪ್ರಾರ್ಥಿಸಿದರು. ಅದರ ಮುಂದಿನ ಭಾನುವಾರವೂ ಬಂದರು. ಹಿಮ ಬೀಳುವ ಚಳಿಗಾಲದಲ್ಲಿಯೂ ಬಿಡಲಿಲ್ಲ. 2012ರಲ್ಲಿ ರೋಮಿನಿಂದ ತೀರ್ಪು ಬಂತು. ಮುಚ್ಚುವಾಗ ಕ್ರಮ ಪಾಲಿಸಿಲ್ಲ ಎಂದು ಆ ಧರ್ಮಪ್ರಾಂತ್ಯದ ಹತ್ತಕ್ಕೂ ಹೆಚ್ಚು ಧರ್ಮಕೇಂದ್ರಗಳ ವಿಷಯದಲ್ಲಿ ಆದೇಶ ತಿರುಗುಮುರುಗಾಯಿತು. ಸೇಂಟ್ ಕ್ಯಾಸಿಮಿರ್ ಆ ಬೇಸಗೆಯಲ್ಲಿ ಮತ್ತೆ ತೆರೆಯಿತು.

ಎಲ್ಲರಿಗೂ ಅಂಥ ಭಾಗ್ಯವಿಲ್ಲ. ಬೋಸ್ಟನ್ ಮಹಾಧರ್ಮಪ್ರಾಂತ್ಯಕ್ಕೆ ಸೇರಿದ ಸಿಚುಯೇಟ್ ಎಂಬ ಕಡಲತಡಿಯ ಊರಿನ ಚರ್ಚನ್ನು 2004ರಲ್ಲಿ ಮುಚ್ಚಿದಾಗ ಭಕ್ತರು ಒಳಗೇ ಕುಳಿತರು. ಹಗಲೂ ರಾತ್ರಿ ಸರದಿಯ ಮೇಲೆ ಯಾರಾದರೊಬ್ಬರು ಅಲ್ಲಿರುವಂತೆ ನೋಡಿಕೊಂಡರು. ಇದು ನಡೆದದ್ದು ಹನ್ನೊಂದು ವರ್ಷಕ್ಕೂ ಹೆಚ್ಚು ಕಾಲ. ರೋಮಿನ ನ್ಯಾಯಪೀಠ ಕೈಬಿಟ್ಟಿತು, ರಾಜ್ಯದ ನ್ಯಾಯಾಲಯ ಕಟ್ಟಡ ಮಹಾಧರ್ಮಪ್ರಾಂತ್ಯದ್ದೇ ಎಂದಿತು, 2016ರಲ್ಲಿ ಸುಪ್ರೀಂ ಕೋರ್ಟು ಮನವಿಯನ್ನು ಕೈಗೆತ್ತಿಕೊಳ್ಳಲಿಲ್ಲ. ಕೊನೆಯ ಪ್ರಾರ್ಥನೆ ಮಾಡಿ ಅವರು ಹೊರಗೆ ಬಂದರು.

ಬಾಲ್ಟಿಮೋರಿನಲ್ಲಿ ಜನರ ಮಾತು ಕೇಳುವ ಸಭೆಗಳು ನಡೆದವು ಎಂಬುದನ್ನು ಒಪ್ಪಬೇಕು. 2024ರ ಏಪ್ರಿಲ್‌ನ ಮೊದಲ ಕರಡಿನಲ್ಲಿ 21 ಧರ್ಮಕೇಂದ್ರ, 26 ಪೂಜಾಸ್ಥಳ ಎಂದಿತ್ತು. ಜನ ಸಭೆಗೆ ಬಂದು ಮಾತಾಡಿದ ಮೇಲೆ ಅದು 23 ಮತ್ತು 30 ಆಯಿತು. ಸಣ್ಣ ಬದಲಾವಣೆ ಎನ್ನಬಹುದು. ಆ ನಾಲ್ಕು ಬಾಗಿಲುಗಳ ಒಳಗೆ ಕೂರುವವರಿಗೆ ಅದು ಸಣ್ಣದಲ್ಲ. ಬಾಯಿ ತೆರೆದರೆ ಫಲವಿದೆ ಎಂಬುದಕ್ಕೆ ಅದೊಂದು ಸಾಕ್ಷಿ.

ಅದೇ ಹೊತ್ತಿಗೆ ಇನ್ನೊಂದು ನೆರಳು ಬಿದ್ದಿತ್ತು. ಗುರುಗಳಿಂದ ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರು ಎಷ್ಟೇ ವರ್ಷದ ಮೇಲೂ ದಾವೆ ಹೂಡಬಹುದು ಎಂಬ ಕಾನೂನು ಮೇರಿಲ್ಯಾಂಡ್ ರಾಜ್ಯದಲ್ಲಿ 2023ರ ಅಕ್ಟೋಬರ್ 1ರಂದು ಜಾರಿಗೆ ಬಂತು. ಅದಕ್ಕೆ ಎರಡು ದಿನ ಮೊದಲು ಮಹಾಧರ್ಮಪ್ರಾಂತ್ಯ ದಿವಾಳಿ ಅರ್ಜಿ ಹಾಕಿತು. ಚರ್ಚುಗಳ ವಿಲೀನಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಮಹಾಧರ್ಮಪ್ರಾಂತ್ಯ ಹೇಳಿದೆ. ವಿಲೀನದ ಪರಿಶೀಲನೆ ಅದಕ್ಕಿಂತ ಮೊದಲೇ ಶುರುವಾದದ್ದೂ ನಿಜ. ಆದರೆ ಮೆಟ್ಟಿಲ ಮೇಲೆ ಕೂತವರಿಗೆ ಸಂಶಯ ಬಂದರೆ ಅವರನ್ನು ದೂರುವಂತಿಲ್ಲ. ಮೇಲಿನವರ ಪಾಪವನ್ನು ವರ್ಷಗಟ್ಟಲೆ ಮುಚ್ಚಿಟ್ಟ ಸಂಸ್ಥೆಯ ಮಾತನ್ನು ಜನ ಸುಲಭಕ್ಕೆ ನಂಬುವುದಿಲ್ಲ. ಕಳೆದುಕೊಂಡ ವಿಶ್ವಾಸದ ಬೆಲೆಯನ್ನು ತಪ್ಪು ಮಾಡದವರೂ ತೆರಬೇಕಾಗುತ್ತದೆ.

ಚದುರುವುದು ಜಂಗಮ

ಈಗ ನನ್ನ ಹಳೆಯ ಭಾಷಣಕ್ಕೆ ಬರುತ್ತೇನೆ. ಸ್ಥಾವರ ಅಳಿಯುತ್ತದೆ, ಜಂಗಮ ಉಳಿಯುತ್ತದೆ ಎಂಬುದು ನಾವು ಬಸವಣ್ಣನವರಿಂದ ಕಲಿತ ಅರಿವು. ಅರಮನೆಯ ಆಸರೆಯಲ್ಲಿ ಕಟ್ಟಿದ ಗುಡಿಗಳ ಬಾಗಿಲಲ್ಲಿ ನಿಲ್ಲಿಸಲ್ಪಟ್ಟ ಬಡವರ ಪರವಾಗಿ ಅವರು ಆ ಮಾತಾಡಿದರು. ಅದೇ ಮಾತನ್ನು ಅಧಿಕಾರದಲ್ಲಿರುವವನು ಬಡವರ ಕೂಡುಮನೆಗೆ ಬೀಗ ಹಾಕುತ್ತ ಹೇಳಿದರೆ ಅರ್ಥ ತಲೆಕೆಳಗಾಗುತ್ತದೆ. ‘ಚರ್ಚು ಎಂದರೆ ಕಟ್ಟಡವಲ್ಲ, ಜನ’ ಎಂದು ಅಲ್ಲಿಯ ಮುಖಂಡರೂ ಹೇಳುತ್ತಾರೆ. ಒಪ್ಪಿದೆ. ಹಾಗಾದರೆ ಕಟ್ಟಡಕ್ಕೆ ಬೀಗ ಹಾಕಿದ ಮೇಲೆ ಆ ಜನ ಎಲ್ಲಿಗೆ ಹೋದರು ಎಂದು ಯಾರಾದರೂ ಹುಡುಕಿಕೊಂಡು ಹೋದಿರಾ?

ವಿಲೀನವಾದ ಚರ್ಚಿಗೆ ಎಲ್ಲರೂ ಹೋಗುವುದಿಲ್ಲ. ಕಾರಿದ್ದವರು ಹೋಗುತ್ತಾರೆ. ನಮ್ಮ ಅಜ್ಜಿಗೆ ಅಲ್ಲಿಗೆ ಎರಡು ಬಸ್ಸು ಬದಲಿಸಬೇಕು, ಭಾನುವಾರ ಬಸ್ಸೂ ಕಡಿಮೆ. ಕೆಲವರು ಬೇರೆ ಪಂಥಕ್ಕೆ ಸೇರುತ್ತಾರೆ, ಕೆಲವರು ಮನೆಯಲ್ಲಿ ಟಿ.ವಿ. ಮುಂದೆ ಕೂರುತ್ತಾರೆ, ಕೆಲವರು ಎಲ್ಲವನ್ನೂ ಬಿಟ್ಟುಬಿಡುತ್ತಾರೆ. ಬುಧವಾರದ ಸಾಲಿನಲ್ಲಿ ನಿಂತವರಲ್ಲಿ ಎಷ್ಟೋ ಜನ ಕ್ಯಾಥೊಲಿಕರೇ ಅಲ್ಲ. ಅವರ ಹೆಸರು ಯಾವ ದಾಖಲೆಯಲ್ಲಿಯೂ ಇಲ್ಲ, ಹಾಗಾಗಿ ಯಾವ ಎಣಿಕೆಗೂ ಬರುವುದಿಲ್ಲ. ಅಳಿದದ್ದು ಸ್ಥಾವರ ಎಂದು ನಾವು ಸಮಾಧಾನ ಮಾಡಿಕೊಳ್ಳುತ್ತೇವೆ. ನಿಜವಾಗಿ ಚದುರಿಹೋದದ್ದು ಜಂಗಮ.

ಕಟ್ಟಡಗಳಿಗೂ ಒಂದು ಮರುಜನ್ಮವಿದೆ. ಪಿಟ್ಸ್‌ಬರ್ಗಿನಲ್ಲಿ 1993ರಲ್ಲಿ ಮುಚ್ಚಿದ ಸಂತ ಸ್ನಾನಿಕ ಯೊಹಾನರ ಚರ್ಚು 1996ರಲ್ಲಿ ಬಿಯರ್ ತಯಾರಿಸುವ ಹೋಟೆಲಾಯಿತು. ಪೂಜಾವೇದಿಕೆ ಇದ್ದ ಜಾಗದಲ್ಲಿ ಬಿಯರ್ ಕಾಯಿಸುವ ಹಂಡೆಗಳನ್ನು ಇಟ್ಟರು. ಮುಚ್ಚಿದ ಚರ್ಚನ್ನು ಲೌಕಿಕ ಬಳಕೆಗೆ ಬಿಡಬಹುದು, ಹೀನ ಬಳಕೆಗೆ ಬಿಡಬಾರದು ಎಂದು ಅವರ ಧರ್ಮಶಾಸನ ಹೇಳುತ್ತದೆ. ಇದು ಯಾವುದಕ್ಕೆ ಸೇರಿತೋ ಓದುಗರೇ ಯೋಚಿಸಲಿ. ಸಿರಕ್ಯೂಸ್ ನಗರದಲ್ಲಿ ಬೇರೊಂದು ನಡೆಯಿತು. ಜರ್ಮನ್ ಮೂಲದವರು ಕಟ್ಟಿದ ಹೋಲಿ ಟ್ರಿನಿಟಿ ಚರ್ಚು ಮುಚ್ಚಿದ ಮೇಲೆ ಅದನ್ನು ಮುಸ್ಲಿಮರು ಕೊಂಡರು. ಯುದ್ಧಪೀಡಿತ ದೇಶಗಳಿಂದ ಬಂದ ನಿರಾಶ್ರಿತರು ಆ ಓಣಿಯಲ್ಲಿ ನೆಲೆಸಿದ್ದರು. ಆ ಮಸೀದಿಗೆ ಅವರು ಇಟ್ಟ ಹೆಸರು ‘ಮರಿಯಳ ಮಗ ಯೇಸುವಿನ ಮಸೀದಿ’. ಕಟ್ಟಿದವರ ನೆನಪನ್ನು ಹೆಸರಿನಲ್ಲಿ ಉಳಿಸಿಕೊಂಡ ಆ ಮರ್ಯಾದೆ ನನಗೆ ದೊಡ್ಡದಾಗಿ ಕಂಡಿತು.

ಅಗ್ಗಕ್ಕೆ ಸಿಗುವ ಚರ್ಚು

ಈ ವಿಷಯ ನಮ್ಮವರ ಮನೆಬಾಗಿಲಿಗೂ ಬಂದಿದೆ. ಅಮೆರಿಕದಲ್ಲಿರುವ ನಮ್ಮ ಲಿಂಗಾಯತ ಕುಟುಂಬಗಳು ಮನೆಗಳಲ್ಲಿ, ಬಾಡಿಗೆಯ ಹಾಲ್‌ಗಳಲ್ಲಿ ಕೂಡುತ್ತವೆ. ಮಗಳ ಮನೆಯ ನೆಲಮಾಳಿಗೆಯಲ್ಲಿ ಒಂದು ಶನಿವಾರ ಇಪ್ಪತ್ತು ಜನ ಸೇರಿ ವಚನ ಹಾಡಿದರು, ಮಕ್ಕಳು ಇಷ್ಟಲಿಂಗ ಹಿಡಿದು ಕೂತರು, ಕೊನೆಗೆ ಪ್ರಸಾದವಾಯಿತು. ಊಟದ ಹೊತ್ತಿನಲ್ಲಿ ಉತ್ಸಾಹಿ ತರುಣರೊಬ್ಬರು, “ಸರ್, ನಮ್ಮದೂ ಒಂದು ಸ್ವಂತ ಕಟ್ಟಡ ಆಗಬೇಕ್ರಿ. ಈಗ ಚರ್ಚ್ ಅಗ್ಗಕ್ಕ ಸಿಗ್ತಾವ. ನೀವು ಮಠದೊಳಗ ಒಂದ್ ಮಾತು ಹೇಳ್ರಿ” ಎಂದರು.

ಹೇಳುತ್ತೇನೆ ಎಂದಿದ್ದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಕೊಳ್ಳುವುದು ತಪ್ಪಲ್ಲ. ಮದ್ಯದಂಗಡಿಯಾಗುವ ಬದಲು ವಚನ ಕೇಳುವ ಮನೆಯಾದರೆ ಒಳ್ಳೆಯದೇ. ಆದರೆ ‘ಅಗ್ಗಕ್ಕೆ’ ಎಂಬ ಮಾತು ನನಗೆ ಚುಚ್ಚಿತು. ಅದು ಅಗ್ಗವಾದದ್ದು ಯಾರದೋ ಮನೆ ಮುಳುಗಿದ್ದರಿಂದ. ಕೊಳ್ಳುವ ಮೊದಲು ಆ ಮೆಟ್ಟಿಲ ಮೇಲೆ ಹೋಗಿ ಕೂರಬೇಕು. ಅಲ್ಲಿ ಯಾರಿದ್ದಾರೆ ಎಂದು ಕೇಳಬೇಕು. ಬುಧವಾರದ ಸಾಲು ನಮ್ಮ ಕೈಗೆ ಬಂದ ಮೇಲೂ ನಡೆಯುತ್ತದೆಯೇ ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕು. ಊರಾಚೆಯ ದೊಡ್ಡ ಮನೆಗಳಿಂದ ವಾರಕ್ಕೊಮ್ಮೆ ಕಾರಿನಲ್ಲಿ ಬಂದು, ಗೇಟು ಹಾಕಿಕೊಂಡು, ಪ್ರಸಾದ ಉಂಡು ಹೋಗುವುದಾದರೆ ದಾಸೋಹ ಎಂಬ ಪದವನ್ನು ನಾವು ಬಾಯಲ್ಲಿ ಆಡಬಾರದು. ಓಣಿಯವರಿಗೆ ಬಾಗಿಲು ತೆರೆಯುವ ಮನಸ್ಸಿದ್ದರೆ ಕೊಳ್ಳಿರಿ. ಇಲ್ಲದಿದ್ದರೆ ನೆಲಮಾಳಿಗೆಯೇ ಸಾಕು, ಅಲ್ಲಿ ನಡೆದದ್ದರಲ್ಲಿ ಏನೂ ಕೊರತೆ ಕಾಣಲಿಲ್ಲ.

ಹೇಗೆ ಮುಚ್ಚಬೇಕು?

ಮುಚ್ಚುವುದು ಅನಿವಾರ್ಯವಾದರೆ ಅದಕ್ಕೂ ಒಂದು ನೀತಿ ಇರಬೇಕು. ನನಗೆ ತೋಚಿದ್ದನ್ನು ಹೇಳುತ್ತೇನೆ.

ಮೊದಲನೆಯದು ಎಣಿಕೆ. ಭಾನುವಾರದ ತಲೆ ಎಣಿಸಿದರೆ ಸಾಲದು, ಬುಧವಾರದ ತಟ್ಟೆಯನ್ನೂ ಎಣಿಸಬೇಕು. ಆ ಬಾಗಿಲು ಮುಚ್ಚಿದರೆ ಯಾರಿಗೆ ಅನ್ನವಿಲ್ಲ, ಯಾವ ಮಗುವಿಗೆ ಪಾಠವಿಲ್ಲ, ಯಾವ ಮುದುಕರನ್ನು ಮಾತಾಡಿಸುವವರಿಲ್ಲ ಎಂಬುದು ಕಾಗದದ ಮೇಲೆ ಬರಬೇಕು. 2020ರಲ್ಲಿ ರೋಮಿನಿಂದ ಹೊರಟ ನಿರ್ದೇಶನವೇ, ಗುರುಗಳ ಕೊರತೆ ಅಥವಾ ಧರ್ಮಪ್ರಾಂತ್ಯದ ಹಣಕಾಸಿನ ಸ್ಥಿತಿಯನ್ನಷ್ಟೇ ಕಾರಣ ಮಾಡಿ ಧರ್ಮಕೇಂದ್ರ ಮುಚ್ಚುವುದು ಸಲ್ಲದು ಎಂದಿದೆ. ಅವರದೇ ಮಾತು ಅವರಿಗೆ ನೆನಪಿರಲಿ.

ಎರಡನೆಯದು ಲೆಕ್ಕ. ಖರ್ಚೆಷ್ಟು, ಕಾಣಿಕೆ ಎಷ್ಟು, ಕಟ್ಟಡ ಮಾರಿದರೆ ಬರುವ ಹಣ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಭಕ್ತರ ಮುಂದೆ ಬಿಚ್ಚಿಡಬೇಕು. ಎರಡು ಧರ್ಮಕೇಂದ್ರ ಒಂದಾದಾಗ ಆಸ್ತಿಯೂ ಸಾಲವೂ ಹೊಸ ಕೇಂದ್ರಕ್ಕೆ ಸೇರಬೇಕೆಂಬುದು ಅವರ ನಿಯಮ. ಜನ ಹೋದಲ್ಲಿಗೆ ಹಣವೂ ಹೋಗಬೇಕೆಂಬುದು ಅದರ ಅರ್ಥ. ಅದನ್ನು ಅಕ್ಷರಶಃ ಪಾಲಿಸಲಿ.

ಮೂರನೆಯದು ಹೊರೆ. ನಗರ ಬಿಟ್ಟು ಹೋದವರ ಬಡಾವಣೆಗಳಲ್ಲಿ ಈಗ ಒಳ್ಳೆಯ ಚರ್ಚುಗಳಿವೆ. ಅವರ ಅಜ್ಜ ಅಜ್ಜಿಯರ ಮದುವೆಯಾದದ್ದು ಈ ಹಳೆಯ ಚರ್ಚುಗಳಲ್ಲಿಯೇ. ಉಳಿದವರ ಹೊರೆಯಲ್ಲಿ ಹೋದವರಿಗೂ ಪಾಲಿದೆ. ಒಂದೇ ಧರ್ಮಪ್ರಾಂತ್ಯ ಎಂದ ಮೇಲೆ ಹೊರಗಿನ ಚರ್ಚಿನ ಕಾಣಿಕೆಯಿಂದ ಒಳಗಿನ ಚರ್ಚಿನ ಬಾಯ್ಲರು ಉರಿದರೆ ತಪ್ಪೇನು?

ನಾಲ್ಕನೆಯದು ಕ್ರಮ. ಅನ್ನದ ಬಾಗಿಲು ಮೊದಲು ಬೇರೆಡೆ ತೆರೆಯಬೇಕು, ಆಮೇಲೆ ಈ ಬಾಗಿಲು ಮುಚ್ಚಬೇಕು. ದೂರದ ಚರ್ಚಿಗೆ ಕರೆದೊಯ್ಯಲು ಭಾನುವಾರ ಒಂದು ವ್ಯಾನ್ ಬರಬೇಕು. ಅಲ್ಲಿಗೆ ಹೋದವರು ಅತಿಥಿಗಳಂತೆ ಹಿಂದಿನ ಬೆಂಚಿನಲ್ಲಿ ಕೂರಬಾರದು. ಅವರ ಹಾಡು, ಅವರ ಮೂರ್ತಿ, ಅವರ ಹಿರಿಯರು ಹೊಸ ಕೇಂದ್ರದ ಮುಂದಿನ ಸಾಲಿಗೆ ಬರಬೇಕು. ಹಿಂದಿನ ಬೆಂಚಿನ ಇತಿಹಾಸವಿದ್ದವರ ವಿಷಯದಲ್ಲಿ ಇದು ಇನ್ನೂ ಮುಖ್ಯ.

ಕೊನೆಯದು ಮರ್ಯಾದೆ. ಮುಚ್ಚುವ ದಿನ ಮುಖ್ಯಸ್ಥರು ಪತ್ರ ಕಳಿಸಿ ಕೈತೊಳೆದುಕೊಳ್ಳದೆ ತಾವೇ ಬಂದು ನಿಲ್ಲಬೇಕು. ಅಳುವವರ ಮುಂದೆ ನಿಂತು ಅವರ ಮಾತು ಕೇಳಬೇಕು, ಬೈಗುಳವನ್ನೂ ಕೇಳಬೇಕು. ಗುರುವಿನ ಕೆಲಸ ಸಿಂಹಾಸನದಲ್ಲಿ ಕೂರುವುದರಲ್ಲಿ ಮುಗಿಯುವುದಿಲ್ಲ.

ಇದನ್ನೆಲ್ಲ ನಾನು ಕ್ಯಾಥೊಲಿಕರಿಗೆ ಬುದ್ಧಿ ಹೇಳಲು ಬರೆಯುತ್ತಿಲ್ಲ. ಆ ಅಧಿಕಾರ ನನಗಿಲ್ಲ, ಅವರಲ್ಲಿಯೇ ಇದನ್ನು ನನಗಿಂತ ಚೆನ್ನಾಗಿ ಹೇಳುವವರಿದ್ದಾರೆ. ನಾವು ಕಟ್ಟಡದ ಬಗ್ಗೆ ಹಗುರವಾಗಿ ಮಾತಾಡುವ ಮೊದಲು ಅದರೊಳಗೆ ಕೂತವರ ಮುಖ ನೋಡೋಣ ಎಂದು ನಮ್ಮವರಿಗಾಗಿಯೇ ಬರೆಯುತ್ತಿದ್ದೇನೆ.

ಊರಿಗೆ ಹೊರಡುವ ಮುಂಚಿನ ಬುಧವಾರ ಅಜ್ಜಿಯನ್ನು ಕಂಡು ಹೋಗಲು ಹೋದೆ. ಅಂದು ಸಾಲು ಉದ್ದವಿತ್ತು, ಅವರಿಗೆ ಮಾತಾಡಲು ಪುರಸೊತ್ತಿರಲಿಲ್ಲ. ನನ್ನ ಕೈಗೊಂದು ಏಪ್ರನ್ ಕೊಟ್ಟರು. ಎರಡು ತಾಸು ಆಲೂಗಡ್ಡೆ, ಬ್ರೆಡ್ಡು, ಹಾಲಿನ ಪೊಟ್ಟಣ ಚೀಲಕ್ಕೆ ತುಂಬಿಸಿದೆ. ಹೊರಡುವಾಗ, “ಮುಂದಿನ ವರ್ಷ ಬಂದರೆ ನಾವು ಎಲ್ಲಿದ್ದೇವೋ ಹುಡುಕು ಬ್ರದರ್” ಎಂದರು.

ಹುಡುಕಬೇಕು. ಆ ಮಾತಿಗೆ ನಾನು ಕಟ್ಟುಬಿದ್ದಿದ್ದೇನೆ.